ಮೊದಲ ಆಯ್ಕೆಯ ಹುಡುಗರು

ಕೆನಡಾದ ಎಡ್ಮಂಟನ್ ನಗರದ ಹಾಕಿಪ್ರಿಯರ ಬಾಯಲ್ಲಿ 2010ರ ಮೊದಲ ಆರು ತಿಂಗಳು ಇದ್ದದ್ದು ಒಂದೇ ಪ್ರಶ್ನೆ: ಟೇಲರೋ, ಟೈಲರೋ? ಟೇಲರ್ ಹಾಲ್ ಮತ್ತು ಟೈಲರ್ ಸೆಗಿನ್ ಇಬ್ಬರೂ ಹದಿನೆಂಟರ ಹುಡುಗರು. ಇಬ್ಬರೂ ಒಂಟಾರಿಯೊ ಪ್ರಾಂತ್ಯದ ಕಿರಿಯರ ಐಸ್ ಹಾಕಿ ಲೀಗಿನಲ್ಲಿ ಆಡುತ್ತಿದ್ದವರು. ಗೋಲು ಹೊಡೆದರೂ, ಹೊಡೆಯಲು ನೆರವಾದರೂ ಒಂದೊಂದು ಅಂಕ ಎಂಬುದು ಆ ಆಟದ ಲೆಕ್ಕ. ಆ ಋತುವಿನಲ್ಲಿ ಇಬ್ಬರೂ ಗಳಿಸಿದ್ದು ಸರಿಯಾಗಿ 106 ಅಂಕ. ನ್ಯಾಷನಲ್ ಹಾಕಿ ಲೀಗಿನಲ್ಲಿ ಕಟ್ಟಕಡೆಯ ಸ್ಥಾನಕ್ಕೆ ಕುಸಿದಿದ್ದ ಎಡ್ಮಂಟನ್ ಆಯಿಲರ್ಸ್ ತಂಡಕ್ಕೆ ಹೊಸ ಪ್ರತಿಭೆಗಳಲ್ಲಿ ಒಬ್ಬನನ್ನು ಎಲ್ಲರಿಗಿಂತ ಮೊದಲು ಆರಿಸಿಕೊಳ್ಳುವ ಹಕ್ಕು ದೊರೆತಿತ್ತು. ಹಾಲ್ ಅಂಚಿನಿಂದ ನುಗ್ಗುವವನು, ಸೆಗಿನ್ ನಡುವೆ ನಿಂತು ಆಟ ಕಟ್ಟುವವನು. ತಂಡಕ್ಕೆ ಬೇಕಿರುವುದು ಆಟ ಕಟ್ಟುವವನೇ ಎಂದು ಅರ್ಧ ನಗರ ವಾದಿಸಿತು. ಎರಡು ವರ್ಷ ಸತತವಾಗಿ ತನ್ನ ತಂಡಕ್ಕೆ ಕಿರಿಯರ ಚಾಂಪಿಯನ್ ಪಟ್ಟ ದೊರಕಿಸಿದವನನ್ನು ಬಿಡುವುದು ಮೂರ್ಖತನ ಎಂದು ಉಳಿದರ್ಧ ಹೇಳಿತು. ತಂಡ ಹಾಲ್‌ನನ್ನು ಆರಿಸಿತು. ಎರಡನೆಯ ಆಯ್ಕೆಯಲ್ಲಿ ಸೆಗಿನ್ ಬಾಸ್ಟನ್ ಪಾಲಾದ.

ಹಾಕಿ ಎಂದೊಡನೆ ಧ್ಯಾನ್‌ಚಂದರನ್ನೂ ಕೊಡಗಿನ ಮೈದಾನಗಳನ್ನೂ ನೆನೆಯುವ ನಮಗೆ, ಮಂಜುಗಡ್ಡೆಯ ಮೇಲೆ ಜಾರುತ್ತಾ ಆಡುವ ಈ ಆಟ ದೂರದ್ದು. ಅದರ ವಿವರಗಳಲ್ಲಿ ನಮ್ಮ ಓದುಗರಿಗೆ ಆಸಕ್ತಿ ಇರಬೇಕೆಂದೇನೂ ಇಲ್ಲ. ಆದರೆ ಎಳೆಯರನ್ನು ಅಳೆದು, ಕ್ರಮಸಂಖ್ಯೆ ಕೊಟ್ಟು, ಸಂಸ್ಥೆಗಳಿಗೆ ಹಂಚುವ ವ್ಯವಸ್ಥೆಯೊಂದು ಹೇಗೆ ಕೆಲಸ ಮಾಡುತ್ತದೆ, ಅದರ ಸುತ್ತ ಜನ ಯಾವುದನ್ನು ವಾದಿಸುತ್ತಾರೆ, ಯಾವುದನ್ನು ವಾದಿಸುವುದೇ ಇಲ್ಲ ಎಂಬುದನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ತಿಳಿದಿಲ್ಲ. ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದ ಮರುದಿನ ಪತ್ರಿಕೆಗಳ ಪುಟದ ತುಂಬ ರ‍್ಯಾಂಕ್ ವಿಜೇತರ ಭಾವಚಿತ್ರಗಳನ್ನು ನೋಡುವ ಊರಿನಲ್ಲಿ ಈ ಪ್ರಶ್ನೆ ಅಪ್ರಸ್ತುತವಾಗಲಾರದು.

ಡ್ರಾಫ್ಟ್ ಎಂದು ಕರೆಯುವ ಈ ಪದ್ಧತಿ ಆರಂಭವಾದದ್ದು 1963ರಲ್ಲಿ, ಮಾಂಟ್ರಿಯಲ್‌ನ ಹೋಟೆಲೊಂದರಲ್ಲಿ. ಅಂದು ಲೀಗಿನಲ್ಲಿದ್ದದ್ದು ಆರೇ ತಂಡಗಳು. ಆಯ್ಕೆಯಾದದ್ದು 21 ಹುಡುಗರು. ಅದಕ್ಕೂ ಮೊದಲು ಶ್ರೀಮಂತ ತಂಡಗಳು ಕಿರಿಯರ ಕ್ಲಬ್ಬುಗಳನ್ನೇ ಪೋಷಿಸಿ, ಅಲ್ಲಿನ ಹುಡುಗರನ್ನು ಬಾಲ್ಯದಲ್ಲಿಯೇ ತಮ್ಮವರನ್ನಾಗಿ ಮಾಡಿಕೊಳ್ಳುತ್ತಿದ್ದವು. ಈಗ 32 ತಂಡಗಳು, ಏಳು ಸುತ್ತು, 224 ಆಯ್ಕೆಗಳು. ಸಾಮಾನ್ಯವಾಗಿ ಜೂನ್ ಕೊನೆಯಲ್ಲಿ ನಡೆಯುವ ಈ ಕಲಾಪದಲ್ಲಿ ಹಿಂದಿನ ಋತುವಿನಲ್ಲಿ ಹೆಚ್ಚು ಸೋತವರಿಗೆ ಮೊದಲು ಆರಿಸುವ ಅವಕಾಶ. ಗೆದ್ದವರು ಸಾಲಿನ ಕೊನೆಗೆ. ಆಯ್ಕೆಯಾದ ಹುಡುಗ ಆ ಲೀಗಿನಲ್ಲಿ ಬೇರೆ ತಂಡದೊಂದಿಗೆ ಕೆಲವು ವರ್ಷ ಮಾತುಕತೆ ಆಡುವಂತಿಲ್ಲ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಮಾರುವವನ ಮುಂದೆ ಇರುವುದು ಒಬ್ಬನೇ ಕೊಳ್ಳುವವನು. ಐಪಿಎಲ್ ಹರಾಜಿನಲ್ಲಿ ಹಣ ಮಾತನಾಡುತ್ತದೆ. ಇಲ್ಲಿ ಸರದಿ ಮಾತನಾಡುತ್ತದೆ. ದುರ್ಬಲ ತಂಡಗಳನ್ನು ಮೇಲೆತ್ತುವುದು ಇದರ ಉದ್ದೇಶ. ಉದ್ದೇಶವೇನೋ ಸಮಾಜವಾದದ್ದು, ವಿಚಿತ್ರವೆಂದರೆ ಅದನ್ನು ಜಾರಿಗೆ ತಂದವರು ಉತ್ತರ ಅಮೆರಿಕದ ಬಂಡವಾಳಿಗರು.

ಎಡ್ಮಂಟನ್ನಿನ ಕಥೆಗೆ ಮರಳೋಣ. 1984ರಿಂದ 1990ರವರೆಗೆ ಐದು ಬಾರಿ ಸ್ಟಾನ್ಲಿ ಕಪ್ ಗೆದ್ದಿದ್ದ ಈ ತಂಡ 2006ರಲ್ಲಿ ಫೈನಲ್ ತಲುಪಿ ಸೋತಿತು. ಆ ಬಳಿಕ ಹತ್ತು ಋತುಗಳ ಕಾಲ ಪ್ಲೇಆಫ್ ಹಂತವನ್ನೇ ಮುಟ್ಟಲಿಲ್ಲ. ಸೋಲಿನ ಕಾಣಿಕೆಯಾಗಿ ಮೊದಲ ಆಯ್ಕೆಯ ಹಕ್ಕು ಅದಕ್ಕೆ ಆರು ವರ್ಷಗಳಲ್ಲಿ ನಾಲ್ಕು ಸಲ ಒದಗಿತು. 2010ರಲ್ಲಿ ಹಾಲ್, 2011ರಲ್ಲಿ ರಯಾನ್ ನ್ಯೂಜೆಂಟ್-ಹಾಪ್ಕಿನ್ಸ್, 2012ರಲ್ಲಿ ನೇಲ್ ಯಾಕುಪೊವ್, 2015ರಲ್ಲಿ ಕಾನರ್ ಮೆಕ್‌ಡೇವಿಡ್. ಇಂತಹ ಭಾಗ್ಯ ಯಾವ ತಂಡಕ್ಕಾದರೂ ಸಿಕ್ಕೀತೆ ಎಂದು ಯಾರೂ ಕೇಳಬಹುದು. ಆದರೆ ಮೊದಲ ಮೂರು ಆಯ್ಕೆಗಳ ನಂತರವೂ ತಂಡ ಬಹುತೇಕ ಅದೇ ಜಾಗದಲ್ಲಿತ್ತು.

ಪ್ರತಿ ಆಯ್ಕೆಗೂ ಮುನ್ನ ಅಭಿಮಾನಿಗಳ ನಡುವೆ ತಿಂಗಳುಗಟ್ಟಲೆ ವಾದ ನಡೆಯಿತು. ಆ ವಾದಗಳನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಅಂಕಿಅಂಶ, ಮೈಕಟ್ಟು, ಜಾರುವ ವೇಗ, ಎದುರಾಳಿಗಳ ಗುಣಮಟ್ಟ ಎಲ್ಲವನ್ನೂ ಅವರು ಬಲ್ಲರು. ನಮ್ಮ ಅನೇಕ ಆಯ್ಕೆ ಸಮಿತಿಗಳಿಗಿಂತ ಹೆಚ್ಚಿನ ಶ್ರದ್ಧೆಯಿಂದ ಬಲ್ಲರು ಎಂದರೂ ತಪ್ಪಿಲ್ಲ. ವಾದದ ಒಂದು ಕವಲು, ತಂಡದ ಕೊರತೆಗೆ ತಕ್ಕವನನ್ನು ಆರಿಸಬೇಕೋ ಅಥವಾ ಇರುವವರಲ್ಲಿ ಅತ್ಯುತ್ತಮನನ್ನು ಆರಿಸಬೇಕೋ ಎಂಬುದು. ಇನ್ನೊಂದು ಕವಲು ಹೆಚ್ಚು ಸೂಕ್ಷ್ಮ: ಎಲ್ಲ ಸರಿಹೋದರೆ ಮುಗಿಲು ಮುಟ್ಟಬಹುದಾದ, ಕೈಕೊಟ್ಟರೆ ಏನೂ ಆಗದಿರಬಹುದಾದ ಹುಡುಗ ಬೇಕೆ, ಅಥವಾ ಬಹಳ ಎತ್ತರಕ್ಕೆ ಏರದಿದ್ದರೂ ಹತ್ತು ವರ್ಷ ನಂಬಿ ದುಡಿಸಿಕೊಳ್ಳಬಹುದಾದ ಹುಡುಗ ಬೇಕೆ? 2011ರಲ್ಲಿ ಈ ವಾದವೇ ನಡೆದದ್ದು. ನ್ಯೂಜೆಂಟ್-ಹಾಪ್ಕಿನ್ಸ್ ಸಣಕಲು ದೇಹದವನು, ದೊಡ್ಡವರ ಆಟದ ಏಟು ತಡೆಯಲಾರ ಎಂದರು ಕೆಲವರು. ತಂಡಕ್ಕೆ ಬೇಕಿರುವುದು ರಕ್ಷಣಾ ಆಟಗಾರ, ಆದ್ದರಿಂದ ಸ್ವೀಡನ್ನಿನ ಆಡಮ್ ಲಾರ್ಸನ್ ಬರಲಿ ಎಂದರು ಮತ್ತೆ ಕೆಲವರು. ಲಾರ್ಸನ್ ನಾಲ್ಕನೆಯವನಾಗಿ ನ್ಯೂಜೆರ್ಸಿಗೆ ಹೋದ. ಐದು ವರ್ಷಗಳ ಬಳಿಕ, 2016ರ ಜೂನಿನಲ್ಲಿ, ಎಡ್ಮಂಟನ್ ಅದೇ ಲಾರ್ಸನ್‌ನನ್ನು ತರಿಸಿಕೊಂಡಿತು. ಬದಲಿಗೆ ಕೊಟ್ಟದ್ದು ಟೇಲರ್ ಹಾಲ್‌ನನ್ನು. ಹಾಲ್ ನ್ಯೂಜೆರ್ಸಿಯಲ್ಲಿ ಆಡಿ 2018ರಲ್ಲಿ ಲೀಗಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಹಾರ್ಟ್ ಟ್ರೋಫಿ ಪಡೆದ.

ಸೆಗಿನ್‌ನನ್ನು ಬಾಸ್ಟನ್ ಇಟ್ಟುಕೊಂಡಿತೇ? ಅದೂ ಇಲ್ಲ. 2011ರಲ್ಲಿ ಬಾಸ್ಟನ್ ಕಪ್ ಗೆದ್ದಾಗ ಆತ ತಂಡದ ಕಿರಿಯ ಸದಸ್ಯ. 2013ರಲ್ಲಿ ಆತನನ್ನು ಡಲ್ಲಾಸ್‌ಗೆ ಕೊಟ್ಟುಬಿಟ್ಟರು. ಆ ಕಪ್ಪನ್ನು ಗೆಲ್ಲಿಸಿದ ಗೋಲ್‌ಕೀಪರ್ ಟಿಮ್ ಥಾಮಸ್ 1994ರ ಡ್ರಾಫ್ಟಿನಲ್ಲಿ 217ನೆಯವನು. ಟೇಲರೋ ಟೈಲರೋ ಎಂದು ಒಂದು ನಗರ ಹಗಲಿರುಳು ಕಾದಾಡಿದ ಇಬ್ಬರನ್ನೂ ಅವರವರ ತಂಡಗಳು ಆರು ವರ್ಷಗಳೊಳಗೆ ಕೈಬಿಟ್ಟಿದ್ದವು.

ನನ್ನನ್ನು ಹೆಚ್ಚು ಕಾಡುವುದು ಮೂರನೆಯ ಹುಡುಗನ ಕಥೆ. ಯಾಕುಪೊವ್ ರಷ್ಯಾದ ತಾತಾರ್‌ಸ್ತಾನದ ನಿಜ್ನೆಕಾಮ್ಸ್ಕ್ ಊರಿನವನು. ಹದಿಹರೆಯದಲ್ಲಿ ಕೆನಡಾಕ್ಕೆ ಬಂದು ಸಾರ್ನಿಯಾ ಎಂಬ ಸಣ್ಣ ಊರಿನ ಕಿರಿಯರ ತಂಡದಲ್ಲಿ ಆಡಿದವನು. 2012ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ. ಮಾಲೀಕರ ಬೀಗಮುದ್ರೆಯಿಂದ ಅರ್ಧಕ್ಕಿಳಿದಿದ್ದ ಮೊದಲ ಋತುವಿನ 48 ಪಂದ್ಯಗಳಲ್ಲಿ 17 ಗೋಲು ಹೊಡೆದ. 2013ರ ಜನವರಿಯಲ್ಲಿ ಲಾಸ್ ಏಂಜಲೀಸ್ ವಿರುದ್ಧ ಆಟ ಮುಗಿಯಲು ಐದು ಸೆಕೆಂಡೂ ಇಲ್ಲದಿರುವಾಗ ಸಮಬಲದ ಗೋಲು ಹೊಡೆದು, ಸಂಭ್ರಮ ತಡೆಯಲಾರದೆ ಮಂಡಿಯೂರಿ ಮಂಜಿನ ಅಂಗಳದುದ್ದಕ್ಕೂ ಜಾರಿಕೊಂಡು ಹೋದ. ಪ್ರೇಕ್ಷಕರು ಹುಚ್ಚೆದ್ದು ಕುಣಿದರು. ಹೊಸಬ ಹೀಗೆಲ್ಲ ಮೆರೆಯಬಾರದು ಎಂದು ಹಿರಿಯರು ಕೆಲವರು ಹುಬ್ಬುಗಂಟಿಕ್ಕಿದರು. ಹತ್ತೊಂಬತ್ತರ ಹುಡುಗ ಸಂಭ್ರಮಿಸದೆ ಇನ್ಯಾರು ಸಂಭ್ರಮಿಸಬೇಕು?

ಆ ಋತು ಮುಗಿದೊಡನೆ ತಂಡ ತರಬೇತುದಾರರನ್ನು ಬದಲಿಸಿತು. ಹೊಸಬರು ಮರು ಋತುವಿನ ಆರಂಭದಲ್ಲಿಯೇ ಯಾಕುಪೊವ್‌ನನ್ನು ಆಡಿಸದೆ ಹೊರಗೆ ಕೂರಿಸಿದರು. ಮುಂದಿನ ವರ್ಷದ ನಡುವೆ ಅವರೂ ಹೋದರು; ಮತ್ತೊಬ್ಬರು ಬಂದರು; ಅದರ ಮುಂದಿನ ವರ್ಷ ಇನ್ನೊಬ್ಬರು. ಎಡ್ಮಂಟನ್ನಿನಲ್ಲಿದ್ದ ನಾಲ್ಕು ಋತುಗಳಲ್ಲಿ ಆತ ನಾಲ್ವರು ತರಬೇತುದಾರರ ಕೈಯಲ್ಲಿ ಆಡಿದ. ಒಬ್ಬರು ದಾಳಿಗೆ ಇಳಿ ಎಂದರು, ಇನ್ನೊಬ್ಬರು ಹಿಂದೆ ನಿಂತು ಕಾಯುವುದನ್ನು ಮೊದಲು ಕಲಿ ಎಂದರು. 2016ರ ಅಕ್ಟೋಬರ್‌ನಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ, ಆತನನ್ನು ಸೇಂಟ್ ಲೂಯಿಗೆ ಕೊಟ್ಟು ತಂಡ ಪಡೆದದ್ದು ಹೆಸರು ಮಾಡದ ಒಬ್ಬ ಕಿರಿಯ ಆಟಗಾರ ಮತ್ತು ಮೂರನೆಯ ಸುತ್ತಿನ ಷರತ್ತುಬದ್ಧ ಆಯ್ಕೆಯೊಂದನ್ನು. 2018ರಲ್ಲಿ ಆತ ರಷ್ಯಾಕ್ಕೆ ಮರಳಿದ. ತಪ್ಪೆಲ್ಲ ತಂಡದ್ದೇ ಎಂದರೆ ಅತಿಯಾದೀತು. ಆತನ ಆಟದಲ್ಲಿ ಕೊರತೆಗಳಿದ್ದವು, ಅವು ತಿದ್ದಿಕೊಳ್ಳಲಿಲ್ಲ. ಆದರೆ ವಿಫಲ ಮೊದಲ ಆಯ್ಕೆಗಳ ಪಟ್ಟಿ ಮಾಡುವವರು ಇಂದು ಆತನ ಹೆಸರನ್ನು ಬರೆಯುತ್ತಾರೆಯೇ ಹೊರತು ಆ ನಾಲ್ಕು ವರ್ಷಗಳಲ್ಲಿ ಸಂಸ್ಥೆ ನಡೆದುಕೊಂಡ ರೀತಿಯನ್ನಲ್ಲ.

ಅದೇ ಸಂಸ್ಥೆ ಅದೇ ಕಾಲದಲ್ಲಿ ಇನ್ನೊಬ್ಬ ಹುಡುಗನ ವಿಷಯದಲ್ಲಿ ಬೇರೆ ರೀತಿ ನಡೆದುಕೊಂಡದ್ದು ನಮ್ಮ ಅದೃಷ್ಟ. ಹೋಲಿಸಿ ನೋಡಲು ಸಾಧ್ಯವಾಗಿದೆ. ಜರ್ಮನಿಯ ಕಲೋನ್ ನಗರದ ಲಿಯಾನ್ ಡ್ರೈಸೈಟಲ್ 2014ರಲ್ಲಿ ಮೂರನೆಯ ಆಯ್ಕೆ. ಆ ವರ್ಷವೇ ಆತನನ್ನು ದೊಡ್ಡವರ ನಡುವೆ ಇಳಿಸಿದರು. 37 ಪಂದ್ಯಗಳಲ್ಲಿ ಎರಡೇ ಗೋಲು. ಈತನೂ ನಿಷ್ಪ್ರಯೋಜಕ ಎಂಬ ಮಾತು ಕೇಳಿಬರುವುದಕ್ಕೆ ಅಷ್ಟು ಸಾಕಿತ್ತು. 2015ರ ಜನವರಿಯಲ್ಲಿ ಆತನನ್ನು ಕಿರಿಯರ ಲೀಗಿಗೆ ಹಿಂದಕ್ಕೆ ಕಳುಹಿಸಿದರು. ಅದು ಆಗ ಶಿಕ್ಷೆಯಂತೆ ಕಂಡಿರಬಹುದು. ಅಲ್ಲಿ ತನ್ನ ವಯಸ್ಸಿನವರೊಡನೆ ಆಡಿ, ಗೆದ್ದು, ಆ ವರ್ಷದ ಕಿರಿಯರ ಚಾಂಪಿಯನ್‌ಷಿಪ್‌ನ ಶ್ರೇಷ್ಠ ಆಟಗಾರ ಎನಿಸಿಕೊಂಡ. ಮುಂದಿನ ಋತುವಿನ ಆರಂಭದಲ್ಲಿಯೂ ಆತನನ್ನು ಕೆಳದರ್ಜೆಯ ಲೀಗಿನಲ್ಲಿ ಕೆಲವು ಪಂದ್ಯ ಆಡಿಸಿ ಆಮೇಲೆ ಕರೆಸಿಕೊಂಡರು. 2020ರಲ್ಲಿ ಹಾರ್ಟ್ ಟ್ರೋಫಿ ಆತನದಾಯಿತು. 2024-25ರಲ್ಲಿ 52 ಗೋಲು ಹೊಡೆದು ಲೀಗಿಗೇ ಮೊದಲಿಗನಾದ. ಒಬ್ಬನಿಗೆ ಹಿಂದಿರುಗಿ ಹೋಗಿ ಬೆಳೆಯಲು ಒಂದು ವರ್ಷ ದೊರೆಯಿತು, ಇನ್ನೊಬ್ಬನಿಗೆ ದೊರೆಯಲಿಲ್ಲ. ಇಬ್ಬರ ಹುಟ್ಟುಪ್ರತಿಭೆಯ ಅಂತರ ಎಷ್ಟಿತ್ತೆಂದು ಇನ್ನು ಯಾರೂ ಅಳೆಯಲಾರರು.

ಡೆಟ್ರಾಯಿಟ್ ತಂಡ ಇದನ್ನು ಬಹಳ ಮೊದಲೇ ಅರಿತಿತ್ತು. 1998ರಲ್ಲಿ 171ನೆಯವನಾಗಿ ಅದು ಆರಿಸಿದ ರಷ್ಯಾದ ಪಾವೆಲ್ ಡಾಟ್ಸುಕ್, 1999ರಲ್ಲಿ 210ನೆಯವನಾಗಿ ಆರಿಸಿದ ಸ್ವೀಡನ್ನಿನ ಹೆನ್ರಿಕ್ ಜೆಟ್ಟರ್‌ಬರ್ಗ್ ಇಬ್ಬರನ್ನೂ ಅವಸರದಿಂದ ಕರೆತರಲಿಲ್ಲ. ತಂತಮ್ಮ ದೇಶದಲ್ಲಿ ಮೂರು ವರ್ಷ ಪಳಗಲು ಬಿಟ್ಟರು. 2008ರಲ್ಲಿ ಡೆಟ್ರಾಯಿಟ್ ಕಪ್ ಗೆದ್ದಾಗ ತಂಡದ ಬೆನ್ನೆಲುಬು ಇವರಿಬ್ಬರೇ. ಗೆಲ್ಲುತ್ತಿದ್ದ ತಂಡಕ್ಕೆ ಕಾಯುವ ಅನುಕೂಲವಿತ್ತು ಎಂಬುದೂ ನಿಜ. ಮನೆಯಲ್ಲಿ ಅಕ್ಕಿ ಇದ್ದವನು ಮಾವಿನ ಸಸಿ ನೆಡುತ್ತಾನೆ. ಸೋಲುತ್ತಿರುವ ತಂಡಕ್ಕೆ ಈ ವರ್ಷವೇ ಹಣ್ಣು ಬೇಕು. ಡ್ರಾಫ್ಟ್ ಪದ್ಧತಿಯೋ, ಅತ್ಯಂತ ಒಳ್ಳೆಯ ಸಸಿಗಳನ್ನು ಅಂಥವರ ಕೈಗೇ ಕೊಡುತ್ತದೆ.

ಕ್ರಮಸಂಖ್ಯೆಯ ಮೇಲೆ ನಾವಿಡುವ ನಂಬಿಕೆಯ ಬಗ್ಗೆ ವಿದ್ವಾಂಸರು ಬಹಳ ಕೆಲಸ ಮಾಡಿದ್ದಾರೆ. ಕೇಡ್ ಮ್ಯಾಸಿ ಹಾಗೂ ರಿಚರ್ಡ್ ಥೇಲರ್ ಅಮೆರಿಕನ್ ಫುಟ್‌ಬಾಲ್ ಡ್ರಾಫ್ಟನ್ನು ಅಭ್ಯಸಿಸಿ, ಮೊದಲ ಆಯ್ಕೆಗಳಿಗೆ ತಂಡಗಳು ತೆರುವ ಬೆಲೆ ಅವುಗಳಿಂದ ದೊರೆಯುವ ಲಾಭಕ್ಕಿಂತ ಹೆಚ್ಚು ಎಂದು ತೋರಿಸಿದರು. ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಂದಿತು. ಇದಕ್ಕಿಂತ ಮನ ತಟ್ಟುವುದು 2013ರಲ್ಲಿ ರಾಬರ್ಟ್ ಡೀನರ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಹಾಕಿ ಅಧ್ಯಯನ. ಕೆನಡಾದಲ್ಲಿ ಕಿರಿಯರ ಹಾಕಿಯ ವಯೋಮಿತಿ ಜನವರಿ 1ರಿಂದ ಎಣಿಕೆಯಾಗುತ್ತದೆ. ಜನವರಿಯಲ್ಲಿ ಹುಟ್ಟಿದ ಹುಡುಗ ಡಿಸೆಂಬರ್‌ನಲ್ಲಿ ಹುಟ್ಟಿದವನಿಗಿಂತ ಹನ್ನೊಂದು ತಿಂಗಳು ದೊಡ್ಡವನಾಗಿ ಅವನೊಡನೆಯೇ ಆಡುತ್ತಾನೆ. ಹತ್ತರ ವಯಸ್ಸಿನಲ್ಲಿ ಆ ಅಂತರ ಚಿಕ್ಕದಲ್ಲ. ದೊಡ್ಡವನು ಪ್ರತಿಭಾವಂತನಂತೆ ಕಾಣುತ್ತಾನೆ, ಒಳ್ಳೆಯ ತಂಡ ಸೇರುತ್ತಾನೆ, ಒಳ್ಳೆಯ ಗುರು ಸಿಗುತ್ತಾನೆ. ವರ್ಷದ ದ್ವಿತೀಯಾರ್ಧದಲ್ಲಿ ಹುಟ್ಟಿದವರು ತಮ್ಮ ನಂತರದ ಸಾಧನೆಗೆ ಸಲ್ಲಬೇಕಾದ ಸ್ಥಾನಕ್ಕಿಂತ 40ಕ್ಕೂ ಹೆಚ್ಚು ಸ್ಥಾನ ಕೆಳಗೆ ಆಯ್ಕೆಯಾಗುತ್ತಿದ್ದರು ಎಂಬುದು ಆ ಅಧ್ಯಯನದ ತೀರ್ಮಾನ. ಶಾಲೆಗೆ ಸೇರಿಸುವಾಗ ಮೇಷ್ಟರು ತಮಗೆ ತೋಚಿದ ಹುಟ್ಟಿದ ದಿನಾಂಕ ಬರೆದುಕೊಂಡ ನಮ್ಮ ಪೀಳಿಗೆಯವರಿಗೆ ಇದನ್ನು ಓದಿ ನಗು ಬಂದರೆ ಆಶ್ಚರ್ಯವಿಲ್ಲ. ಮೇಷ್ಟರಿಗೆ ಅರ್ಥಶಾಸ್ತ್ರ ಗೊತ್ತಿತ್ತೋ ಏನೋ.

ಆಡಳಿತ ಸೇವೆಯಲ್ಲಿದ್ದವರಿಗೆ ಈ ವಿಷಯ ಇನ್ನೂ ಹತ್ತಿರದ್ದು. ಇಪ್ಪತ್ತನಾಲ್ಕು ಇಪ್ಪತ್ತೈದರ ವಯಸ್ಸಿನಲ್ಲಿ ಬರೆದ ಪರೀಕ್ಷೆಯ ಮತ್ತು ತರಬೇತಿಯ ಅಂಕಗಳು ಜ್ಯೇಷ್ಠತಾ ಪಟ್ಟಿಯಲ್ಲಿ ನಿವೃತ್ತಿಯ ದಿನದವರೆಗೂ ಬೆನ್ನುಬಿಡುವುದಿಲ್ಲ. ಆದರೆ ಯಾರು ಒಳ್ಳೆಯ ಅಧಿಕಾರಿಯಾದರು, ಯಾರು ಆಗಲಿಲ್ಲ ಎಂದು ನಾನು ಕಂಡಷ್ಟರಲ್ಲಿ ಯೋಚಿಸಿದರೆ ಪಟ್ಟಿಯ ಕ್ರಮ ಹೆಚ್ಚೇನೂ ಹೇಳುವುದಿಲ್ಲ. ಮೊದಲ ಹುದ್ದೆಯಲ್ಲಿ ಎಂಥ ಮೇಲಧಿಕಾರಿ ದೊರೆತರು, ಎಡವಿದಾಗ ಕಡತದ ಮೇಲೆ ಷರಾ ಬರೆದರೋ ಅಥವಾ ಕರೆದು ಕೂರಿಸಿ ಹೇಳಿದರೋ, ಆರು ತಿಂಗಳಿಗೊಮ್ಮೆ ವರ್ಗಾವಣೆಯಾಯಿತೋ ಎರಡು ವರ್ಷ ಒಂದೆಡೆ ನಿಲ್ಲಲು ಬಿಟ್ಟರೋ ಎಂಬುದು ಹೆಚ್ಚು ಹೇಳುತ್ತದೆ. ಯಾಕುಪೊವ್ ಕಂಡ ನಾಲ್ವರು ತರಬೇತುದಾರರ ಸಂಗತಿ ಓದುವಾಗ ನನಗೆ ನಮ್ಮ ಕೆಲವು ಉಪವಿಭಾಗಗಳು ನೆನಪಾದವು.

ಸೋತವರಿಗೆ ಬಹುಮಾನ ಕೊಡುವ ವ್ಯವಸ್ಥೆ ಸೋಲನ್ನೇ ಉತ್ಪಾದಿಸಲಾರಂಭಿಸುತ್ತದೆ ಎಂಬುದು ಇನ್ನೊಂದು ಮಾತು. 1993ರಲ್ಲಿ ಒಟ್ಟಾವ ತಂಡ ಮೊದಲ ಆಯ್ಕೆಗಾಗಿ ಬೇಕೆಂದೇ ಸೋತಿತೆಂಬ ಸಂಶಯ ಎದ್ದಿತು. 1995ರಿಂದ ಮೊದಲ ಆಯ್ಕೆಯನ್ನು ಲಾಟರಿಯಿಂದ ನಿರ್ಧರಿಸುವ ಕ್ರಮ ಬಂದಿತು. ಅಷ್ಟು ಪಾಡುಪಟ್ಟು ಒಟ್ಟಾವ ಪಡೆದ ಅಲೆಕ್ಸಾಂಡ್ರ ಡೇಗಲ್ ನಿರೀಕ್ಷೆ ತಲುಪಲಿಲ್ಲ. ಎರಡನೆಯವನಾಗಿ ಬೇರೆ ತಂಡ ಸೇರಿದ ಕ್ರಿಸ್ ಪ್ರಾಂಗರ್ ಕೀರ್ತಿಭವನ ಸೇರಿದ. ಲಾಟರಿ ಬಂದರೂ ಆಸೆ ಹೋಗಲಿಲ್ಲ. 2015ರ ಮಾರ್ಚ್‌ನಲ್ಲಿ ಬಫಲೊ ನಗರದಲ್ಲಿ, ಕೊನೆಯ ಸ್ಥಾನಕ್ಕಾಗಿ ಪೈಪೋಟಿ ನಡೆಸಿದ್ದ ಅರಿಜೋನ ತಂಡ ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲು ಹೊಡೆದಾಗ ಬಫಲೊ ಅಭಿಮಾನಿಗಳು ಎದ್ದು ನಿಂತು ಹರ್ಷೋದ್ಗಾರ ಮಾಡಿದರು. ಸೋತದ್ದು ಅವರದೇ ತಂಡ. ಮೆಕ್‌ಡೇವಿಡ್‌ನನ್ನು ಪಡೆಯಲು ಸೋಲೇ ದಾರಿ ಎಂದು ಅವರು ಲೆಕ್ಕ ಹಾಕಿದ್ದರು. ತಾರ್ಕಿಕವಾಗಿ ಅವರ ಲೆಕ್ಕ ತಪ್ಪೇನೂ ಅಲ್ಲ. ಆದರೆ ಬೆವರು ಸುರಿಸಿ ಆಡುತ್ತಿದ್ದ ತಮ್ಮವರ ಕಿವಿಗೆ ಆ ಚಪ್ಪಾಳೆ ಹೇಗೆ ಕೇಳಿಸಿರಬೇಕು? ಬಫಲೊ ಕೊನೆಯ ಸ್ಥಾನವನ್ನು ದಕ್ಕಿಸಿಕೊಂಡಿತು, ಲಾಟರಿಯಲ್ಲಿ ಶೇ 20ರಷ್ಟು ಸಾಧ್ಯತೆಯನ್ನೂ ಪಡೆಯಿತು. ಚೀಟಿ ಎದ್ದದ್ದು ಶೇ 11.5ರ ಸಾಧ್ಯತೆ ಇದ್ದ ಎಡ್ಮಂಟನ್‌ಗೆ. ಬಫಲೊ ತಂಡ 2011-12ರಿಂದ 2024-25ರವರೆಗೆ ಸತತ 14 ಋತುಗಳಲ್ಲಿ ಪ್ಲೇಆಫ್ ಕಾಣಲಿಲ್ಲ. ಎಡ್ಮಂಟನ್ನಿನ ಅತಿಭಾಗ್ಯದಿಂದ ರೋಸಿದ ಲೀಗ್ ಆ ಬಳಿಕ ನಿಯಮಗಳನ್ನು ಮತ್ತೆ ಮತ್ತೆ ತಿದ್ದಿದೆ; ಈಗ ಯಾವ ತಂಡವೂ ಐದು ವರ್ಷಗಳಲ್ಲಿ ಎರಡಕ್ಕಿಂತ ಹೆಚ್ಚು ಬಾರಿ ಲಾಟರಿ ಗೆದ್ದು ಮೇಲೇರುವಂತಿಲ್ಲ.

ಬೆಂಗಳೂರಿನವರಿಗೆ ಡ್ರಾಫ್ಟ್ ಪೂರ್ತಿ ಅಪರಿಚಿತವೇನಲ್ಲ. 2008ರಲ್ಲಿ ಐಪಿಎಲ್ ಆರಂಭವಾದಾಗ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ಹುಡುಗರನ್ನು ಹರಾಜಿಗಿಡದೆ ಡ್ರಾಫ್ಟ್ ಮೂಲಕವೇ ಹಂಚಿದರು. ದೆಹಲಿ ತಂಡದಲ್ಲಿ ಬ್ಯಾಟ್ಸ್‌ಮನ್‌ಗಳಿಗೆ ಬರವಿರಲಿಲ್ಲ. ತಮ್ಮೂರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಎಡಗೈ ವೇಗದ ಬೌಲರ್ ಪ್ರದೀಪ್ ಸಂಗ್ವಾನ್‌ರನ್ನು ಆರಿಸಿತು. ಕೊಹ್ಲಿ ಬೆಂಗಳೂರಿಗೆ ಬಂದರು. ಕೊರತೆ ನೋಡಬೇಕೋ, ಪ್ರತಿಭೆ ನೋಡಬೇಕೋ ಎಂಬ ಎಡ್ಮಂಟನ್ನಿನ ವಾದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ ಎನ್ನಿಸಬಹುದು. ಆದರೆ ಅಂತಹ ಆಯ್ಕೆಯನ್ನು ಕೈಯಲ್ಲಿಟ್ಟುಕೊಂಡೂ ಬೆಂಗಳೂರು ಮೊದಲ ಕಪ್ ಎತ್ತಿದ್ದು 2025ರಲ್ಲಿ, ಹದಿನೆಂಟನೆಯ ಋತುವಿನಲ್ಲಿ. ಒಬ್ಬನನ್ನು ಸರಿಯಾಗಿ ಆರಿಸುವುದು ಬೇರೆ, ಅವನ ಸುತ್ತ ತಂಡ ಕಟ್ಟುವುದು ಬೇರೆ.

ಎಡ್ಮಂಟನ್‌ಗೆ 2025ರವರೆಗೆ ಆ ಭಾಗ್ಯವೂ ಬಂದಿರಲಿಲ್ಲ. ಮೆಕ್‌ಡೇವಿಡ್ ತನ್ನ ಪೀಳಿಗೆಯ ಅತ್ಯುತ್ತಮ ಆಟಗಾರ ಎಂಬುದರಲ್ಲಿ ಎರಡು ಮಾತಿಲ್ಲ. 2024ರ ಫೈನಲ್‌ನಲ್ಲಿ ತಂಡ ಸೋತರೂ ಪ್ಲೇಆಫ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಆತನಿಗೇ ಸಂದಿತು. ಎದುರಾಳಿ ಫ್ಲಾರಿಡಾ, 2025ರ ಫೈನಲ್‌ನಲ್ಲಿಯೂ ಅದೇ ಎದುರಾಳಿ, ಅದೇ ಫಲಿತಾಂಶ. 2014ರ ಡ್ರಾಫ್ಟಿನ ಮೊದಲ ಮೂವರೂ ಆ ಎರಡು ಫೈನಲ್‌ಗಳಲ್ಲಿ ಇದ್ದರು. ಮೊದಲನೆಯವನಾದ ಆರನ್ ಎಕ್‌ಬ್ಲಾಡ್ ಫ್ಲಾರಿಡಾ ಆರಿಸಿದವನು, ಅಲ್ಲಿಯೇ ಇದ್ದವನು. ಎರಡನೆಯವನಾದ ಸ್ಯಾಮ್ ರೈನ್‌ಹಾರ್ಟ್‌ನನ್ನು ಆರಿಸಿದ್ದು ಬಫಲೊ. ಏಳು ವರ್ಷಗಳ ನಂತರ ಅದು ಆತನನ್ನು ಫ್ಲಾರಿಡಾಕ್ಕೆ ಕೊಟ್ಟಿತು. 2024ರ ಏಳನೆಯ ಪಂದ್ಯದ ಗೆಲುವಿನ ಗೋಲು ಆತನದು. 2025ರ ನಿರ್ಣಾಯಕ ಪಂದ್ಯದಲ್ಲಿ ನಾಲ್ಕು ಗೋಲು ಆತನವು. ಮೂರನೆಯವನು ಡ್ರೈಸೈಟಲ್. ಫ್ಲಾರಿಡಾದ ರಕ್ಷಣೆಯಲ್ಲಿ ಎಕ್‌ಬ್ಲಾಡ್ ಜೊತೆ ನಿಂತ ಗುಸ್ತಾವ್ ಫಾರ್ಸ್ಲಿಂಗ್ ಅದೇ ವರ್ಷ 126ನೆಯವನಾಗಿ ಆಯ್ಕೆಯಾದವನು. ಎರಡು ಮೂರು ತಂಡಗಳ ಕೈದಾಟಿ, ಬೇಡವೆಂದು ಬಿಟ್ಟವರ ಪಟ್ಟಿಯಿಂದ 2021ರಲ್ಲಿ ಫ್ಲಾರಿಡಾ ಸೇರಿದವನು. ಆತನ ಪರವಾಗಿ 2014ರಲ್ಲಿ ಯಾವ ಅಭಿಮಾನಿಯಾದರೂ ವಾದ ಮಾಡಿದ್ದು ಅನುಮಾನ.

2011ರ ಸಣಕಲು ಹುಡುಗ ನ್ಯೂಜೆಂಟ್-ಹಾಪ್ಕಿನ್ಸ್ ಏನಾದ? ಮುಗಿಲನ್ನೂ ಮುಟ್ಟಲಿಲ್ಲ, ಮುಳುಗಲೂ ಇಲ್ಲ. ಹಲವು ವರ್ಷ ಸೋಲಿನಲ್ಲಿ ಆಡಿದ, ಗೆಳೆಯರು ಒಬ್ಬೊಬ್ಬರಾಗಿ ಹೋಗುವುದನ್ನು ಕಂಡ, ತರಬೇತುದಾರರು ಎಲ್ಲಿ ನಿಲ್ಲಿಸಿದರೆ ಅಲ್ಲಿ ನಿಂತ. ಸೇರಿದ ಹನ್ನೆರಡನೆಯ ಋತುವಿನಲ್ಲಿ, 2022-23ರಲ್ಲಿ, ಮೊದಲ ಬಾರಿಗೆ ನೂರು ದಾಟಿ 104 ಅಂಕ ಗಳಿಸಿದ. ಎರಡು ಫೈನಲ್‌ಗಳಲ್ಲಿಯೂ ಆಡಿದ. 2021ರಲ್ಲಿ ಎಂಟು ವರ್ಷಗಳ ಕರಾರಿಗೆ ಸಹಿ ಹಾಕಿದವನು, ಆತನನ್ನು ಆರಿಸಿದ ಊರಿನಲ್ಲಿಯೇ.